ಮಾರಿದರೂ ಕಡಿಮೆಯಾಗದ ಮಾಲು

ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗಾಗಿ ನಾಲ್ಕು ಮಾತು ಬರೆದುಕೊಡಿ ಎಂದು ನಿವೃತ್ತ ನೌಕರರ ಸಂಘದವರು ಮೂರು ಸಲ ಕೇಳಿದರು. ಮೊದಲೆರಡು ಸಲ ಕಣ್ಣಿನ ಪೊರೆಯ ನೆಪ ಹೇಳಿ ತಪ್ಪಿಸಿಕೊಂಡೆ. ಈಗ ಪೊರೆ ತೆಗೆಸಿಯಾಗಿದೆ, ನೆಪ ಉಳಿದಿಲ್ಲ. ಬಡ್ತಿಯ ವಿಷಯ ಬರೆಯುವುದಿಲ್ಲ. ನನಗೆ ಬಂದ ಬಡ್ತಿ ಎರಡು. ಎರಡೂ ನನ್ನ ಜಾಣತನಕ್ಕೆ ಬಂದವಲ್ಲ, ನನ್ನ ಮುಂದಿದ್ದವರು ನಿವೃತ್ತರಾದರು ಎಂಬ ಕಾರಣಕ್ಕೆ ಬಂದವು. ನಾನು ಕೆಲಸ ಮಾಡಿದ ಕಚೇರಿ ಯಾವುದೆಂದೂ ಹೇಳುವುದಿಲ್ಲ. ಕಲಬುರಗಿಯಲ್ಲಿ ಹೊರಗೆ ಬೇವಿನ ಮರ, ಒಳಗೆ ಕಟ್ಟು ಕಟ್ಟಾಗಿ ಕಾಗದ ಇರುವ ಕಚೇರಿಗಳು ಬೇಕಾದಷ್ಟಿವೆ, ಅವುಗಳಲ್ಲಿ ಒಂದು ಎಂದುಕೊಳ್ಳಿ.

ನಾನು ಮಾರಾಟ ತೆರಿಗೆಯ ಇನ್ಸ್‌ಪೆಕ್ಟರ್ ಆಗಿದ್ದೆ. ಎಂಬತ್ತರ ದಶಕದಲ್ಲಿ ಕಿರಿಯ ಗುಮಾಸ್ತನಾಗಿ ಸೇರಿ, ಆ ಎರಡು ಬಡ್ತಿಯಿಂದ ಇಲ್ಲಿಗೆ ಬಂದವನು. ನನ್ನ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಮಾಲು ನೋಡುವುದು. ಹೊಸ ವ್ಯಾಪಾರಿ ಯಾರಾದರೂ ನೋಂದಣಿ ನಂಬರಿಗೆ ಅರ್ಜಿ ಹಾಕಿದರೆ ನಾನು ಅವನ ಅಂಗಡಿಗೆ ಹೋಗಬೇಕು. ಅಂಗಡಿ ಇದೆಯೇ, ಬೋರ್ಡು ಇದೆಯೇ, ನಾಲ್ಕು ದಿಕ್ಕಿಗೆ ಏನೇನಿದೆ, ಒಳಗೆ ಮಾಲು ಇದೆಯೇ ಎಂದು ನೋಡಿ ಅಚ್ಚಾದ ಫಾರಮ್ಮು ತುಂಬಬೇಕು. ಇದಕ್ಕೆ ಸ್ಥಳ ತನಿಖೆ ಎಂದು ಹೆಸರು. ನನ್ನ ಚೀಲದಲ್ಲಿ ಅಳತೆ ಟೇಪು, ಕಾರ್ಬನ್ ಹಾಳೆ, ಅರಗಿನ ಕಡ್ಡಿ, ಹಿತ್ತಾಳೆಯ ಸೀಲು, ಗೋಣಿಚೀಲಕ್ಕೆ ಚುಚ್ಚಿ ಕಾಳು ತೆಗೆಯುವ ಕಬ್ಬಿಣದ ಕೊಳವೆ ಇವಿಷ್ಟು ಸದಾ ಇರುತ್ತಿದ್ದವು. ಬಸ್ಸಿನಲ್ಲಿ ಆ ಕೊಳವೆ ನೋಡಿ ನನ್ನನ್ನು ದನದ ಡಾಕ್ಟರ್ ಎಂದುಕೊಂಡವರಿದ್ದಾರೆ. ಒಬ್ಬ ಮುದುಕಿಯಂತೂ ತನ್ನ ಎಮ್ಮೆಗೆ ಗಬ್ಬ ನಿಲ್ಲುತ್ತಿಲ್ಲವೆಂಬ ಕಥೆಯನ್ನು ಕಲಬುರಗಿಯಿಂದ ಕಮಲಾಪುರದವರೆಗೂ ಹೇಳಿದಳು. ಇಳಿಯುವಾಗ ನಾನೂ ಬೆಲ್ಲ ತಿನ್ನಿಸಿ ನೋಡು ಎಂದು ಸಲಹೆ ಕೊಟ್ಟೆ.

ಇನ್ಸ್‌ಪೆಕ್ಟರ್ ಆದ ಹೊಸದರಲ್ಲಿ ನಮ್ಮ ಹಿರಿಯ ಗುಮಾಸ್ತರು ನನ್ನನ್ನು ಪಕ್ಕಕ್ಕೆ ಕರೆದು ಇಡೀ ಶಾಸ್ತ್ರವನ್ನು ಎರಡು ನಿಮಿಷದಲ್ಲಿ ಹೇಳಿಕೊಟ್ಟರು.

"ನೋಡ್ ವಾಮನರಾವ, ರಿಪೋರ್ಟಿನಾಗ ಭಾಳ ಬರೀಬ್ಯಾಡ. ಮಾಲು ಕಂಡುಬಂತು ಅಂತ ಬರಿ, ಇಲ್ಲಾಂದ್ರ ಮಾಲು ಕಂಡುಬರಲಿಲ್ಲ ಅಂತ ಬರಿ. ನಡುವ ಏನೂ ಇಲ್ಲ. ಕಂಡುಬರಲಿಲ್ಲ ಅಂತ ಬರೀವಾಗ ಮಾತ್ರ ಎರಡ್ ಸಲ ವಿಚಾರ ಮಾಡು. ಅದು ಬರದ್ಯೋ, ಅಂವ ಬೋಗಸ್ ಆದ."

ಅವರು ಹೇಳಿದ್ದು ನಿಜ. ಸ್ಟೇಶನ್ ಬಜಾರದಲ್ಲಿ ಸಿಮೆಂಟಿನ ದೊಡ್ಡ ಡೀಲರ್ ಎಂದು ಹೇಳಿಕೊಂಡವನೊಬ್ಬನ ವಿಳಾಸ ಹುಡುಕಿ ಹೋದರೆ ಅಲ್ಲಿ ಒಬ್ಬ ದರ್ಜಿ ಪೈಜಾಮ ಹೊಲಿಯುತ್ತ ಕುಳಿತಿದ್ದ. ಮಾಲು ಕಂಡುಬರಲಿಲ್ಲ ಎಂದು ಬರೆದೆ. ಹದಿನೈದು ದಿನದಲ್ಲಿ ಆ ಡೀಲರನ ನಂಬರು ರದ್ದಾಯಿತು. ಎರಡು ಪದಕ್ಕೆ ಇಷ್ಟು ಕಸುವಿದೆ ಎಂದು ಗೊತ್ತಾದ ದಿನ ನಾನು ಮನೆಗೆ ಎದೆ ಉಬ್ಬಿಸಿಕೊಂಡು ಹೋದೆ. ದರ್ಜಿಯ ಹತ್ತಿರ ಒಂದು ಪೈಜಾಮವನ್ನೂ ಹೊಲಿಸಿಕೊಂಡೆ.

ನಮ್ಮ ಮೇಲಧಿಕಾರಿಗಳ ವಿಷಯಕ್ಕೆ ಬಂದರೆ, ಹೆಚ್ಚಿನವರು ಯಾವುದೋ ತಪ್ಪಿಗೆ ಶಿಕ್ಷೆಯಾಗಿ ಕಲಬುರಗಿಗೆ ಬಂದವರು. ಶಿಕ್ಷೆ ಅವರಿಗೆ, ಅನುಭವಿಸುವವರು ನಾವು. ಒಬ್ಬರಿಗೆ ಕಮಲಾಪುರದ ಕೆಂಪು ಬಾಳೆಹಣ್ಣು ನೋಡಿ ಗುಮಾನಿ ಬಂತು. ಬಾಳೆಹಣ್ಣಿಗೆ ತೆರಿಗೆ ಇಲ್ಲ ನಿಜ, ಆದರೆ ಬಾಳೆಹಣ್ಣು ಹಳದಿ ಇರಬೇಕಲ್ಲವೇ, ಇದು ಕೆಂಪಗಿದೆಯಲ್ಲ ಎಂದು ಅವರ ವಾದ. ಒಂದು ಗೊನೆಯಿಂದ ನಾಲ್ಕು ಹಣ್ಣು ಕೊಯ್ಯಿಸಿ, ಬಟ್ಟೆಯಲ್ಲಿ ಸುತ್ತಿಸಿ, ನನ್ನ ಕೈಯಿಂದಲೇ ಅರಗಿನ ಸೀಲು ಹಾಕಿಸಿ, ಅಭಿಪ್ರಾಯ ಕೇಳಿ ಬೆಂಗಳೂರಿಗೆ ಕಳಿಸಿದರು. ಎರಡು ತಿಂಗಳ ಮೇಲೆ ಉತ್ತರ ಬಂತು. ತಾವು ಕಳಿಸಿದ ವಸ್ತು ಯಾವುದೆಂದು ಗುರುತಿಸಲಾಗುತ್ತಿಲ್ಲ, ದಯವಿಟ್ಟು ಮತ್ತೊಮ್ಮೆ ಕಳಿಸಿರಿ ಎಂದಿತ್ತು. ಅಷ್ಟು ಹೊತ್ತಿಗೆ ಆ ಸಾಹೇಬರಿಗೆ ಬೇರೆ ಊರಿಗೆ ವರ್ಗವಾಗಿತ್ತು, ಕಮಲಾಪುರದ ಬಾಳೆ ಬಚಾವಾಯಿತು.

ಇಂಥವು ನೂರು ಇವೆ. ಆದರೆ ನಾನು ಹೇಳಬೇಕೆಂದು ಕುಳಿತದ್ದು ಒಂದೇ ಪ್ರಕರಣ. ಅದರಲ್ಲಿ ಬೇರೆಯವರನ್ನು ನೋಡಿ ನಗುವ ಸೌಕರ್ಯ ನನಗಿಲ್ಲ. ಎರಡು ತಪ್ಪು ಮಾಡಿದವನು ನಾನೇ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿರಬೇಕು. ಒಂದು ಅರ್ಜಿ ಬಂತು. ವ್ಯಾಪಾರಿಯ ಹೆಸರು ಅಬ್ದುಲ್ ಕರೀಂ, ಕಮಲಾಪುರ. ಸರಕು ಎಂಬಲ್ಲಿ "ಅಕ್ಷರ ಮತ್ತು ಅಂಚಿನ ಬಳ್ಳಿ ಚಿತ್ತಾರ, ಕಂಪ್ಯೂಟರ್ ರೂಪದಲ್ಲಿ" ಎಂದಿತ್ತು. ಮಾರುವ ಸ್ಥಳ ಎಂಬಲ್ಲಿ "ವಿದೇಶ" ಎಂದಿತ್ತು. ಗೋದಾಮು ಎಂಬಲ್ಲಿ "ಇಲ್ಲ" ಎಂದಿತ್ತು. ಕಚೇರಿಯಲ್ಲಿ ಈ ಅರ್ಜಿಯನ್ನು ಕೈಯಿಂದ ಕೈಗೆ ದಾಟಿಸಿ ಎಲ್ಲರೂ ಓದಿದರು. ಅಕ್ಷರ ಮಾರುವವನು ನಾಳೆ ಕಾಗುಣಿತಕ್ಕೆ ಬೇರೆ ನಂಬರು ಕೇಳಿದರೆ ಏನು ಮಾಡುವುದು ಎಂದು ಒಬ್ಬರು ಚಿಂತೆ ಮಾಡಿದರು.

ನಾನು ಬಸ್ಸು ಹತ್ತಿ ಕಮಲಾಪುರಕ್ಕೆ ಹೋದೆ. ಕರೀಂ ಸಾಬರ ಮನೆ ಬಜಾರದ ಹಿಂದಿನ ಓಣಿಯಲ್ಲಿತ್ತು. ಎಪ್ಪತ್ತರ ಹತ್ತಿರದ ಮನುಷ್ಯ. ಕಲಬುರಗಿಯ ಒಂದು ಉರ್ದು ಪತ್ರಿಕೆಯಲ್ಲಿ ಕಾತಿಬರಾಗಿದ್ದವರು. ಕಾತಿಬ್ ಎಂದರೆ ಪತ್ರಿಕೆಯ ಪುಟವನ್ನು ಬಿದಿರಿನ ಲೇಖನಿಯಿಂದ ಕೈಯಲ್ಲೇ ಬರೆದುಕೊಡುವವನು. ಅವರು ಬರೆದದ್ದೇ ಅಚ್ಚಾಗುತ್ತಿತ್ತು. ಕಂಪ್ಯೂಟರ್ ಬಂದಾಗ ಪತ್ರಿಕೆಯವರು ಒಂದು ಶಾಲು ಹೊದಿಸಿ ಮನೆಗೆ ಕಳಿಸಿದ್ದರು. ಆಮೇಲೆ ಕಮಲಾಪುರದಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತಿದ್ದರು, ಕೈ ನಡುಗಲು ಶುರುವಾದ ಮೇಲೆ ಅದೂ ನಿಂತಿತ್ತು. ಅವರ ಮಗಳು ಶಹನಾಜ್ ಕಂಪ್ಯೂಟರ್ ಕೋರ್ಸು ಮುಗಿಸಿ ಹಳೆಯದೊಂದು ಯಂತ್ರ ಕೊಂಡು ತಂದಿದ್ದಳು. ಅಪ್ಪ ಒಂದು ಕಾಲದಲ್ಲಿ ಬರೆದಿಟ್ಟಿದ್ದ ಅಕ್ಷರಗಳನ್ನು, ಅಂಚಿನ ಬಳ್ಳಿಗಳನ್ನು ಒಂದೊಂದಾಗಿ ಅದರೊಳಗೆ ಇಳಿಸಿದ್ದಳು. ಹೊರದೇಶದಲ್ಲಿ ಮದುವೆ ಪತ್ರಿಕೆ, ಪುಸ್ತಕದ ಹೊದಿಕೆ ಮಾಡುವವರಿಗೆ ಅವು ಬೇಕಾಗಿದ್ದವು. ಸ್ಟೇಶನ್ ಬಜಾರದ ಇಂಟರ್‌ನೆಟ್ ಅಂಗಡಿಗೆ ಬಂದು ಅಲ್ಲಿಂದ ಕಳಿಸುತ್ತಿದ್ದಳು.

"ಮಾಲು ತೋರಿಸವಾ," ಎಂದೆ.

"ಕರೆಂಟ್ ಇಲ್ಲ ಸರ್. ಇನ್ನೊಂದ್ ತಾಸಿಗೆ ಬರ್ತದ. ಕೂಡ್ರಿ, ಚಾ ಮಾಡ್ತೀನಿ."

"ಕೂಡಾಕ ಆಗಂಗಿಲ್ಲ ತಂಗೀ. ನಾಕೂವರಿ ಬಸ್ಸು ತಪ್ಪಿದ್ರ ಮತ್ತ ನಿಂತೇ ಹೋಗ್ಬೇಕು."

ಕರೀಂ ಸಾಬರು ಕರ್ರಗಿನ ಪರದೆಯನ್ನು ತಮ್ಮ ಹೆಗಲ ಮೇಲಿನ ವಸ್ತ್ರದಿಂದ ಒರೆಸಿದರು, ಒರೆಸಿದರೆ ಕಾಣಿಸೀತು ಎಂಬ ಹಾಗೆ. ನಾನು ನಾಲ್ಕು ದಿಕ್ಕು ಬರೆದುಕೊಂಡೆ. ಪೂರ್ವಕ್ಕೆ ಹಿಟ್ಟಿನ ಗಿರಣಿ, ಪಶ್ಚಿಮಕ್ಕೆ ಓಣಿ. ಮಾಲಿನ ಕಾಲಮ್ಮಿಗೆ ಬಂದಾಗ ಪೆನ್ನು ತಾನೇ ಓಡಿತು: ಮಾಲು ಕಂಡುಬರಲಿಲ್ಲ. ಎರಡು ಸಲ ವಿಚಾರ ಮಾಡು ಎಂದಿದ್ದರಲ್ಲ ಹಿರಿಯರು, ನಾನು ಒಂದು ಸಲವೂ ಮಾಡಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು ಎಂದು ಖುಷಿಪಟ್ಟದ್ದು ಮಾತ್ರ ಚೆನ್ನಾಗಿ ನೆನಪಿದೆ.

ಆಗಿನ ನಮ್ಮ ಸಾಹೇಬರು ಮೈಸೂರು ಕಡೆಯವರು. ಬಿಸಿಲಿಗೆ ಒದ್ದೆ ಕರವಸ್ತ್ರ ನೆತ್ತಿಯ ಮೇಲೆ ಹಾಕಿಕೊಂಡೇ ಸಹಿ ಮಾಡುತ್ತಿದ್ದರು. ಎಷ್ಟೋ ಆದೇಶಗಳ ಮೇಲೆ ನೀರು ತೊಟ್ಟಿಕ್ಕಿ ಮಸಿ ಹರಡಿದೆ. ನನ್ನ ವರದಿ ನೋಡಿ ಕೆಂಪು ಮಸಿಯಲ್ಲಿ "ಬೋಗಸ್. ನೋಟಿಸ್ ಕೊಡಿ" ಎಂದು ಬರೆದರು. ನೋಟಿಸ್ ಹೋಯಿತು.

ನಾಲ್ಕನೆಯ ದಿನ ಶಹನಾಜ್ ನೋಟಿಸನ್ನು ಕೈಯಲ್ಲಿ ಹಿಡಿದುಕೊಂಡು ನೇರ ನನ್ನ ಟೇಬಲ್ಲಿಗೆ ಬಂದಳು.

"ನಮ್ಮಪ್ಪ ಬೋಗಸ್ ಏನ್ರಿ ಸರ್?"

ಕಚೇರಿಯಲ್ಲಿ ಟೈಪ್ ಹೊಡೆಯುವ ಸದ್ದು ನಿಂತಿತು. ಕೂಡ್ರವಾ ಎಂದೆ. ಕೂಡಲಿಲ್ಲ. ನಿಂತೇ ಹೇಳಿದಳು. ಲಂಡನ್ನಿನ ಒಂದು ಕಂಪನಿ ಅಪ್ಪನ ಅಕ್ಷರಗಳನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಳ್ಳುತ್ತೇನೆ ಎಂದಿದೆ. ಅಕ್ಷರದ ಜೊತೆಗೆ ಬರೆದವನ ಹೆಸರೂ ಅಚ್ಚಾಗುತ್ತದೆ. ಆದರೆ ಮಾರುವವನಿಗೆ ತನ್ನ ಸರ್ಕಾರದ ನೋಂದಣಿ ನಂಬರು ಇರಬೇಕು, ಈ ತಿಂಗಳೊಳಗೆ ಕಳಿಸಬೇಕು. ಇಲ್ಲವಾದರೆ ಸ್ಟೇಶನ್ ಬಜಾರದ ಇಂಟರ್‌ನೆಟ್ ಅಂಗಡಿಯ ಸೇಠಜಿ, ತನ್ನ ಯಂತ್ರದಲ್ಲಿ ಉಳಿದಿರುವ ನಕಲನ್ನೇ ತನ್ನ ನಂಬರಿನ ಮೇಲೆ ಕಳಿಸುತ್ತೇನೆಂದು ಕಂಪನಿಗೆ ಆಗಲೇ ಬರೆದುಬಿಟ್ಟಿದ್ದಾನೆ.

"ನಲವತ್ತು ವರ್ಷ ಪೇಪರಿನಾಗ ಬರದ್ರು ಸರ್. ಒಂದ್ ದಿನಾನೂ ಅವರ ಹೆಸರು ಅದರಾಗ ಬರ್ಲಿಲ್ಲ. ಬ್ಯಾರೇವರ ಹೆಸರೇ ಬರದ್ರು. ಈಗ ಬರ್ತಿತ್ತು. ನೀವು ಒಂದ್ ತಾಸು ಕೂತಿದ್ರ..."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷದ ನೌಕರಿಯಲ್ಲಿ ಬೈಸಿಕೊಂಡಿದ್ದೆ, ಬೆದರಿಕೆ ಕೇಳಿದ್ದೆ, ನಾಚಿಕೆ ಎಂಬುದು ಅದೇ ಮೊದಲು.

ಅದೇ ವಾರ ಸೇಠಜಿಯೂ ಬಂದ. ಅವನ ಕಾಗದಪತ್ರ ಯಾವಾಗಲೂ ಚೊಕ್ಕ, ಬೋರ್ಡು ಉದ್ದ, ಗೋದಾಮಿನಲ್ಲಿ ಕಾಗದದ ರಿಮ್ಮು ಎದೆಯೆತ್ತರ. ನಮ್ಮ ಫಾರಮ್ಮು ಅವನನ್ನು ನೋಡಿಯೇ ಅಚ್ಚು ಮಾಡಿದಂತಿತ್ತು.

"ರಾವ್‌ಜಿ, ಆ ಹುಡಿಗಿ ಫೈಲಿಗೆ ಯಾಕ ತಲಿ ಕೆಡಿಸ್ಕೋತೀರಿ? ನನ್ನ ನಂಬರ್ ಮ್ಯಾಲೆ ಕಳಸ್ತೀನಿ. ಮುದುಕಗ ಏನರ ಕೊಟ್ಟು ಖುಷ್ ಮಾಡ್ತೀನಿ."

"ಹೆಸರು ಯಾರ್ದು ಬರ್ತದ ಸೇಠಜಿ?"

"ನಂಬರ್ ಯಾರ್ದೋ ಹೆಸರೂ ಅವರ್ದೇ. ಕಾನೂನು ನಿಮ್ದೇ ಅದ ಅಲ್ರಿ!" ಎಂದು ನಕ್ಕ.

ನನ್ನ ತಪ್ಪನ್ನು ನಾನೇ ತಿದ್ದಬೇಕು ಎಂದುಕೊಂಡೆ. ಆದರೆ ಸರ್ಕಾರಿ ಕಡತದಲ್ಲಿ ಬರೆದದ್ದನ್ನು ಅಳಿಸಲು ಬರುವುದಿಲ್ಲ. ಅದರ ಮೇಲೆ ಇನ್ನೊಂದು ಬರೆದು ಮುಚ್ಚಬಹುದು ಅಷ್ಟೇ. ಬೋಗಸ್ ಎಂದು ಒಮ್ಮೆ ಬಿದ್ದ ಮೇಲೆ ಸಾಹೇಬರೇ ಖುದ್ದಾಗಿ ಸ್ಥಳಕ್ಕೆ ಬಂದು ನೋಡಬೇಕು. ನಾನು ಅವರ ಹಿಂದೆ ಬಿದ್ದೆ. ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣು ಸಿಗುತ್ತದೆ ಸರ್, ತಂಪು ಎಂದೆ. ಕಾನೂನಿಗಿಂತ ಬಾಳೆಹಣ್ಣು ಬೇಗ ಕೆಲಸ ಮಾಡಿತು. ಬರಲು ಒಪ್ಪಿದರು.

ಅತ್ತ ಶಹನಾಜಳಿಗೆ ತಯಾರಿ ಹೇಳಿಕೊಟ್ಟೆ. ಬೋರ್ಡು ಬೇಕು, ಗೋದಾಮು ಬೇಕು, ಕಣ್ಣಿಗೆ ಕಾಣುವ ಮಾಲು ಬೇಕು. ಅವಳು ಅಕ್ಷರಗಳನ್ನೆಲ್ಲ ಇಪ್ಪತ್ತು ಸಿ.ಡಿ.ಗಳಿಗೆ ಇಳಿಸಿ ತಗಡಿನ ಟ್ರಂಕಿನಲ್ಲಿ ಜೋಡಿಸಿಟ್ಟಳು. ಬೋರ್ಡನ್ನು ಕರೀಂ ಸಾಬರು ತಾವೇ ಬರೆಯುತ್ತೇನೆಂದು ಹಟ ಹಿಡಿದರಂತೆ. ಎಡಗೈಯಿಂದ ಬಲಗೈ ಹಿಡಿದುಕೊಂಡು ದಿನಕ್ಕೆರಡು ಅಕ್ಷರದಂತೆ ಬರೆದರಂತೆ. ಕನ್ನಡದಲ್ಲೊಂದು ಸಾಲು, ಉರ್ದುವಿನಲ್ಲೊಂದು ಸಾಲು: ಕರೀಂ ಅಕ್ಷರ ಭಂಡಾರ. ಅಲ್ಲಲ್ಲಿ ಕೈ ಅದುರಿದ್ದು ಕಾಣುತ್ತಿತ್ತು.

ಸಾಹೇಬರು ಬಂದರು. ಬೋರ್ಡಿನ ಉದ್ದ ಅಗಲ ಅಳೆಸಿದರು, ಸರಿ ಎಂದರು. ಟ್ರಂಕನ್ನು ಗೋದಾಮು ಎಂದು ಒಪ್ಪಿಕೊಂಡರು. ಅವತ್ತು ಕರೆಂಟೂ ಇತ್ತು, ಪರದೆಯ ಮೇಲೆ ಅಕ್ಷರಗಳು ಒಂದರ ಹಿಂದೊಂದು ಬಂದವು. ಗೆದ್ದೆವು ಎಂದುಕೊಂಡೆ. ಅಷ್ಟರಲ್ಲಿ ಬಾಳೆಹಣ್ಣು ಸುಲಿಯುತ್ತ ಸಾಹೇಬರು ಕೇಳಿದರು.

"ಇದುವರೆಗೆ ಎಷ್ಟು ಮಾರಿದ್ದೀರಮ್ಮ?"

"ಎರಡು ಸರ್. ಶಾರ್ಜಾಕ್ಕೊಂದು, ಡರ್ಬನ್ನಿಗೊಂದು."

"ಮಾರೋ ಮೊದಲು ನಿಮ್ಮ ಹತ್ತಿರ ಎಷ್ಟಿತ್ತು?"

"ಒಂದು."

"ಎರಡು ಮಾರಿದ ಮೇಲೆ ಎಷ್ಟು ಉಳೀತು?"

"ಒಂದು."

ಸಾಹೇಬರ ಬಾಯಿಯಲ್ಲಿದ್ದ ಹಣ್ಣು ಅಲ್ಲೇ ನಿಂತಿತು. ನನ್ನ ಕಡೆ ತಿರುಗಿದರು.

"ರಾವ್, ಕೇಳಿಸಿಕೊಂಡ್ರಾ? ಒಂದರಲ್ಲಿ ಎರಡು ಹೋದರೆ ಒಂದು ಉಳೀತದಂತೆ. ಮಾರಿದ ಮಾಲು ಅಂಗಡೀಲೇ ಇದೆ. ನನ್ನ ಸರ್ವಿಸಿನಲ್ಲಿ ಇಂಥ ಅವ್ಯವಹಾರ ನೋಡಿಲ್ಲ ಕಣ್ರೀ!"

ಶಹನಾಜ್ ತಿಳಿಸಿ ಹೇಳಲು ನೋಡಿದಳು. ಅದು ನಕಲು ಹೋಗುತ್ತದೆ, ಮೂಲ ಉಳಿಯುತ್ತದೆ ಎಂದಳು. "ನಕಲು ಮಾರ್ತೀರಾ? ಇನ್ನೊಂದು ಕೇಸಾಯ್ತು," ಎಂದರು ಸಾಹೇಬರು. ಆಗ ಮೂಲೆಯಲ್ಲಿ ಕುಳಿತಿದ್ದ ಕರೀಂ ಸಾಬರು ಬಾಯಿಬಿಟ್ಟರು.

"ಸಾಬ್, ಈಗ ನೀವು ಒಂದ್ ಮಾತ್ ಅಂದ್ರಿ. ನಾ ಕೇಳಿದೆ. ನನಗ ಸಿಕ್ತು. ನಿಮ್ ಹತ್ರ ಇದ್ದದ್ದು ಹೋಯ್ತೇನ್ರಿ?"

ಸಾಹೇಬರು ಸಿಪ್ಪೆಯನ್ನು ಪಕ್ಕಕ್ಕಿಟ್ಟರು. ಮಾತಿಗೆ ಇಲಾಖೆಯಲ್ಲಿ ಕಾಲಮ್ಮಿಲ್ಲ ಎಂದರು.

ತಿಂಗಳು ಮುಗಿಯಲು ಐದು ದಿನವಿತ್ತು. ಶಹನಾಜ್ ನನ್ನ ಮುಖ ನೋಡಿದಳು. ಆಗ ನನ್ನ ತಲೆ ಓಡಿತು. ಓಡಬಾರದಿತ್ತು. "ಸರ್," ಎಂದೆ, "ಕೆಟ್ಟ ಮಾಲನ್ನ ನಾವು ಎದುರಿಗೇ ನಾಶ ಮಾಡಿಸಿ ಲೆಕ್ಕದಿಂದ ತೆಗೀತೀವಲ್ಲ, ಹಂಗ ಮಾಡೂಣು. ಒಂದು ಮಾರಾಟಕ್ಕ ಒಂದು ಸಿ.ಡಿ. ನನ್ನ ಮುಂದ ಮುರೀಲಿ. ಚೂರನ್ನ ಲಕೋಟಿಯೊಳಗ ಸೀಲ್ ಮಾಡಿ ಕಚೇರಿಯೊಳಗ ಇಡ್ತೀನಿ. ಇಪ್ಪತ್ತು ಇದ್ದದ್ದು ಹತ್ತೊಂಬತ್ತು ಆಗ್ತದ."

ಸಾಹೇಬರ ಮುಖ ಅರಳಿತು. "ಬುದ್ಧಿವಂತರು ಕಣ್ರೀ ನೀವು! ದಾಸ್ತಾನು ಕಡಿಮೆಯಾಗಬೇಕು, ಅಷ್ಟೇ ನಮಗೆ ಬೇಕಾದ್ದು." ಆ ಷರತ್ತನ್ನು ಅಲ್ಲೇ ಕುಳಿತು ಬರೆಸಿದರು. ಷರತ್ತು ಮೀರಿದರೆ ನೋಂದಣಿ ಮೊದಲ ದಿನದಿಂದಲೇ ರದ್ದು ಎಂದೂ ಸೇರಿಸಿದರು. ಇಷ್ಟೆಲ್ಲ ಪೂಜೆ ಮಾಡಿ ಸರ್ಕಾರಕ್ಕೆ ಬರುವ ತೆರಿಗೆ ಎಷ್ಟು ಎಂದು ನೀವು ಕೇಳಬಹುದು. ಏನೂ ಇಲ್ಲ. ಹೊರದೇಶಕ್ಕೆ ಹೋಗುವ ಮಾಲಿಗೆ ತೆರಿಗೆಯೇ ಇಲ್ಲ.

ನೋಂದಣಿ ಪತ್ರವನ್ನು ಟೈಪಿಸ್ಟರ ಪಕ್ಕದಲ್ಲಿ ನಿಂತು ಹೊಡೆಸಿದೆ. ಅಬ್ದುಲ್ ಕರೀಂ, ಕರೀಂ ಅಕ್ಷರ ಭಂಡಾರ, ಕಮಲಾಪುರ. ಗಡುವಿಗೆ ಎರಡು ದಿನ ಮುಂಚೆ ಶಹನಾಜಳ ಕೈಗೆ ಕೊಟ್ಟೆ. ಅವಳು ಅದನ್ನು ಅಲ್ಲೇ ಓದಿ, ಮತ್ತೊಮ್ಮೆ ಓದಿ, "ಥ್ಯಾಂಕ್ಸ್ ಕಾಕಾ" ಎಂದಳು. ಅಲ್ಲಿಯವರೆಗೆ ನಾನು ಸರ್ ಆಗಿದ್ದೆ. ಕಾಕಾ ಆದದ್ದು ನನಗೆ ಬಂದ ಆ ಎರಡು ಬಡ್ತಿಗಳಿಗಿಂತ ಹೆಚ್ಚೆನಿಸಿತು.

ಮುಂದಿನ ತಿಂಗಳು ಲಂಡನ್ನಿಗೆ ಮೊದಲ ಮಾರಾಟವಾಯಿತು. ಷರತ್ತಿನಂತೆ ನಾನು ಚೀಲ ಹೆಗಲಿಗೇರಿಸಿ ಕಮಲಾಪುರಕ್ಕೆ ಹೋದೆ. ಶಹನಾಜ್ ಟ್ರಂಕಿನಿಂದ ಒಂದು ಸಿ.ಡಿ. ತೆಗೆದು ಎರಡೂ ಕೈಯಲ್ಲಿ ಹಿಡಿದು ಬಾಗಿಸಿದಳು. ಕರೀಂ ಸಾಬರು ಎದ್ದು ಬಂದರು.

"ಏನ್ ಮಾಡಾಕತ್ತೀ ಬೇಟಿ?"

ಅವರಿಗೆ ಷರತ್ತಿನ ಸಂಗತಿ ಪೂರ್ತಿ ಗೊತ್ತಿರಲಿಲ್ಲ. ಮಗಳು ಹೇಳಿದಳು. "ಇದು ಕಾಪಿ ಅದ ಅಬ್ಬಾ. ಮುರದ್ರ ಏನೂ ಆಗಂಗಿಲ್ಲ."

"ಕಾಪಿ ಆದ್ರೂ ನನ್ನ ಕೈ ಅಲ್ಲೇನು?" ಎಂದರು ಮುದುಕರು. ಆಮೇಲೆ ನನ್ನ ಕಡೆ ತಿರುಗಿ ಗೋಡೆಗೆ ತೂಗುಹಾಕಿದ್ದ ಒಂದು ಬಟ್ಟೆಯ ಚೀಲ ತೋರಿಸಿದರು. "ರಾವ್ ಸಾಬ್, ಅಕ್ಷರ ಬರ್ದ ಕಾಗದ ನಾ ಎಂದೂ ಹರದಿಲ್ಲ. ಕೆಟ್ಟು ಹೋದದ್ದು, ಮಸಿ ಚೆಲ್ಲಿದ್ದು ಎಲ್ಲಾ ಅದರಾಗ ಹಾಕ್ತೀನಿ. ಚೀಲ ತುಂಬಿದ ಮ್ಯಾಲೆ ಹರಿಯೋ ನೀರಿಗೆ ಬಿಡ್ತೀನಿ. ದೇವರ ಹೆಸರೂ ಈ ಅಕ್ಷರದಾಗೇ ಬರೀತೀವಿ. ನನ್ನ ಕಣ್ಣ್ ಮುಂದ ಮುರೀಬ್ಯಾಡ್ರಿ. ನಾ ಹೊರಗ ಹೋಗಿ ಕೂಡ್ತೀನಿ, ಆಮ್ಯಾಲೆ ಮುರೀರಿ."

ಬಾಗಿಲಿನ ಹೊರಗೆ ಹೋಗಿ ಬೋರ್ಡಿನ ಕೆಳಗೆ ಬೆನ್ನು ಮಾಡಿ ಕುಳಿತರು.

ಕಲಬುರಗಿಯ ಬ್ರಹ್ಮಪುರದ ನಮ್ಮ ಮನೆಯಲ್ಲಿ ಪುಸ್ತಕಕ್ಕೆ ಕಾಲು ತಾಗಿದರೆ ಇವತ್ತಿಗೂ ಕಣ್ಣಿಗೆ ಒತ್ತಿಕೊಳ್ಳುತ್ತೇವೆ. ಹರಿದ ಪಂಚಾಂಗವನ್ನು ಕೂಡ ನಮ್ಮ ಅವ್ವ ಕಸಕ್ಕೆ ಹಾಕಿದವಳಲ್ಲ, ಬಾವಿಗೆ ಬಿಡುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದ ನಾನು, ಬರೆದ ಕೈ ಹೊರಗೆ ಕುಳಿತಿರುವಾಗ ಒಳಗೆ ಅದರ ಬರಹವನ್ನು ಮುರಿಸಲು ಅರಗು ಸೀಲು ಹಿಡಿದು ನಿಂತಿದ್ದೆ. ಇದೂ ನನ್ನದೇ ಉಪಾಯ, ಬುದ್ಧಿವಂತರು ಕಣ್ರೀ ಎಂದು ಹೊಗಳಿಸಿಕೊಂಡಿದ್ದ ಉಪಾಯ. ನನ್ನ ಮೇಲೆ ನನಗೇ ಸಿಟ್ಟು ಬಂತು.

"ಟ್ರಂಕಿನ್ಯಾಗ ಇಡವಾ," ಎಂದೆ.

"ಮತ್ತ ಚೂರು ಕಾಕಾ?"

"ಅದು ನನಗ ಬಿಡು."

ಕಲಬುರಗಿಗೆ ಬಂದವನೇ ಸ್ಟೇಶನ್ ಬಜಾರದ ಫುಟ್‌ಪಾತಿನಲ್ಲಿ ಒಂದು ಸಿನಿಮಾ ಹಾಡಿನ ಸಿ.ಡಿ. ಕೊಂಡೆ. ಯಾರೂ ಕೇಳದ, ಎರಡೇ ದಿನ ಓಡಿದ ಸಿನಿಮಾ, ಸಿ.ಡಿ.ಯ ಮೇಲೆ ಅದರ ನಾಯಕನಟನ ಮುಖ ಅಚ್ಚಾಗಿತ್ತು. ಮನೆಯ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲಿಟ್ಟು ಗುಂಡುಕಲ್ಲಿನಿಂದ ಕುಟ್ಟಿದೆ. ಚೂರುಗಳನ್ನು ಲಕೋಟೆಗೆ ಹಾಕಿ ಅರಗು ಕರಗಿಸಿ ಸೀಲು ಒತ್ತಿದೆ. ವರದಿಯಲ್ಲಿ ಬರೆದೆ: ನನ್ನ ಕಣ್ಣೆದುರು ಮುರಿಯಲಾಯಿತು. ಅದುವರೆಗೆ ನಾನು ಸುಳ್ಳು ವರದಿ ಬರೆದವನಲ್ಲ. ನಾನು ಬರೆದ ಅತ್ಯಂತ ಕೆಟ್ಟ ವರದಿ ಪೂರ್ತಿ ನಿಜವಾಗಿತ್ತು ಎಂಬುದನ್ನು ಹೊಸಬರು ಗಮನಿಸಬೇಕು.

ಆಮೇಲೆ ಮಾರಾಟ ಹೆಚ್ಚಿತು. ಪ್ರತಿ ಮಾರಾಟಕ್ಕೂ ನಾನು ಒಂದು ಸಿ.ಡಿ. ಕೊಳ್ಳುತ್ತಿದ್ದೆ. ಫುಟ್‌ಪಾತಿನವನು ನನ್ನನ್ನು ಆ ನಾಯಕನಟನ ಮಹಾ ಅಭಿಮಾನಿ ಎಂದು ತಿಳಿದ. "ಬರ್ರಿ ಸಾಹೇಬ್ರ, ನಿಮ್ ಹೀರೋಂದು ಹೊಸಾದು ಬಂದದ. ಅದೂ ಬಿದ್ದದ!" ಎಂದು ದೂರದಿಂದಲೇ ಕೂಗುತ್ತಿದ್ದ. ಒಮ್ಮೆ ಆಡಿಟಿನವರು ಬಂದು ಲಕೋಟೆಗಳನ್ನು ಎಣಿಸಿ, ಚೂರುಗಳನ್ನು ಗುಜರಿಗೆ ಹರಾಜು ಹಾಕಿ ಸರ್ಕಾರಕ್ಕೆ ಜಮಾ ಮಾಡಬೇಕಿತ್ತು ಎಂದು ಆಕ್ಷೇಪ ಬರೆದರು. ಲಕೋಟೆ ಒಡೆದು ನೋಡುವ ಕಷ್ಟ ಮಾತ್ರ ತೆಗೆದುಕೊಳ್ಳಲಿಲ್ಲ. ಲಂಡನ್ನಿನ ಪಟ್ಟಿ ಅಚ್ಚಾಗಿ ಬಂದಾಗ ಕರೀಂ ಸಾಬರು ನನಗೂ ತೋರಿಸಿದರು. ಅವರ ಹೆಸರಿನ ಮೇಲೆ ಬೆರಳಿಟ್ಟುಕೊಂಡೇ ಇದ್ದರು. "ಸ್ಪೆಲಿಂಗ್ ಬರಾಬರ್ ಅದ ಏನ್ರಿ?" ಎಂದು ಕೇಳಿದರು. ಬರಾಬರಿ ಇತ್ತು.

ಮಾರಾಟ ತೆರಿಗೆ ಹೋಗಿ ವ್ಯಾಟ್ ಬಂತು. ಹಳೆಯ ಫಾರಮ್ಮು ಹೋಗಿ ಹೊಸದು ಬಂತು, ನಮ್ಮ ಟೇಬಲ್ಲಿಗೂ ಕಂಪ್ಯೂಟರ್ ಬಂತು. ಅದನ್ನು ಮೊದಲ ಆರು ತಿಂಗಳು ದೂಳು ಕೂಡಬಾರದೆಂದು ಬಟ್ಟೆ ಹೊದಿಸಿ ಪೂಜೆ ಮಾಡಿದೆವು. ಮೈಸೂರಿನ ಸಾಹೇಬರು ಕರವಸ್ತ್ರ ಸಮೇತ ತಮ್ಮೂರಿಗೆ ಹೋದರು. ಆದರೆ ಅವರು ಬರೆಸಿದ ಷರತ್ತು ಹೊಸ ಕಡತಕ್ಕೂ ಹಾಗೇ ದಾಟಿತು. ಕರೀಂ ಸಾಬರು ಒಂದು ಬೇಸಿಗೆಯಲ್ಲಿ ತೀರಿಕೊಂಡರು. ನೋಂದಣಿಯನ್ನು ತನ್ನ ಹೆಸರಿಗೆ ವರ್ಗಾಯಿಸಿ, ಭಂಡಾರದ ಹೆಸರು ಅಪ್ಪನದೇ ಇರಲಿ ಎಂದು ಶಹನಾಜ್ ಅರ್ಜಿ ಕೊಟ್ಟಳು. ಆ ಅರ್ಜಿ ತೀರ್ಮಾನವಾಗುವ ಮೊದಲೇ ನನ್ನ ನಿವೃತ್ತಿಯ ದಿನ ಬಂತು.

ನನ್ನಿಂದ ಚಾರ್ಜು ತೆಗೆದುಕೊಳ್ಳಲು ಬಂದವಳು ಭಾಗ್ಯಶ್ರೀ ಎಂಬ ಹೊಸ ಇನ್ಸ್‌ಪೆಕ್ಟರ್. ಪರೀಕ್ಷೆ ಬರೆದು ಬಂದ ಚುರುಕು ಹುಡುಗಿ, ಹುಮನಾಬಾದ್ ಕಡೆಯವಳು. ಅಲ್ಮೆರಾದ ಒಂದೊಂದೇ ವಸ್ತುವನ್ನು ಪಟ್ಟಿಗೆ ಹೋಲಿಸಿ ಗುರುತು ಹಾಕುತ್ತಿದ್ದಳು. ಅದು ಮೇ ತಿಂಗಳು. ಕಲಬುರಗಿಯ ಬಿಸಿಲಿಗೆ ಅಲ್ಮೆರಾದೊಳಗೆ ಅರಗು ಮೆತ್ತಗಾಗಿತ್ತು. ಒಂದು ಲಕೋಟೆಯನ್ನು ಅವಳು ಎತ್ತಿದಳು, ಸೀಲು ಬಿಟ್ಟುಕೊಂಡು ಚೂರುಗಳು ಟೇಬಲ್ಲಿನ ಮೇಲೆ ಬಿದ್ದವು. ಅವಳು ಅವುಗಳನ್ನು ಒಂದಕ್ಕೊಂದು ಹೊಂದಿಸತೊಡಗಿದಳು.

"ಸರ್, ಇದರಾಗ ಯಾರ್ದೋ ಮೀಸಿ ಕಾಣ್ತದಲ್ರಿ."

ಸುಳ್ಳು ಹೇಳಬಹುದಿತ್ತು. ಹೇಳಲು ಮನಸ್ಸಾಗಲಿಲ್ಲ. ಬಸ್ಸಿನ ಕಿಟಕಿ ಸೀಟಿನಿಂದ ಹಿಡಿದು ಬಟ್ಟೆ ಒಗೆಯುವ ಕಲ್ಲಿನವರೆಗೆ ಎಲ್ಲವನ್ನೂ ಹೇಳಿದೆ. ಅವಳು ಇದನ್ನು ಬರೆದರೆ ಕರೀಂ ಸಾಬರ ನೋಂದಣಿ ಮೊದಲ ದಿನದಿಂದಲೇ ರದ್ದು. ಲಂಡನ್ನಿನ ಪಟ್ಟಿಯಿಂದ ಆ ಹೆಸರು ಹೋಗುತ್ತದೆ, ಸೇಠಜಿ ಇನ್ನೂ ಸ್ಟೇಶನ್ ಬಜಾರದಲ್ಲೇ ಕುಳಿತಿದ್ದಾನೆ. ನನ್ನ ಪಿಂಚಣಿಗೂ ಅಂದೇ ಎಳ್ಳುನೀರು. ಇದೆಲ್ಲ ಅವಳಿಗೂ ಗೊತ್ತಿತ್ತು.

ಅವಳು ಕಡತ ಎಳೆದುಕೊಂಡು ಕೊನೆಯಿಂದ ಮೊದಲಿನವರೆಗೆ ತಿರುವಿದಳು. ನನ್ನ ಮೊದಲ ವರದಿಯ ಹತ್ತಿರ ಬೆರಳು ನಿಂತಿತು.

"ಮಾಲು ಕಂಡುಬರಲಿಲ್ಲ. ಇದು ನೀವೇ ಬರ್ದದ್ದೇನ್ರಿ?"

"ಹೌದವಾ."

"ಇದು ಖರೇ ಅದ ಏನ್ರಿ?"

"ಖರೇನ ಅದ. ಕರೆಂಟ್ ಇರ್ಲಿಲ್ಲ."

"ಮತ್ತ ಈ ಲಕೋಟಿ ಎಲ್ಲಾ?"

"ಸುಳ್ಳು."

ಅವಳು ಕಡತ ಮುಚ್ಚಿದಳು. ಮೀಸೆಯ ಚೂರುಗಳನ್ನು ಒಂದೊಂದಾಗಿ ಲಕೋಟೆಯೊಳಗೆ ಹಾಕಿದಳು. ಎದ್ದು ಹೋಗಿ ಫ್ಯಾನ್ ಆರಿಸಿದಳು. ಅಂಥ ಸೆಕೆಯಲ್ಲಿ ಫ್ಯಾನ್ ಯಾಕೆ ಆರಿಸಿದಳೆಂದು ನನಗೆ ಮೊದಲು ಹೊಳೆಯಲಿಲ್ಲ.

"ಸರ್," ಎಂದಳು, "ಅರಗಿನ ಕಡ್ಡಿ, ಬೆಂಕಿಪೊಟ್ಣ ಎಲ್ಲಿಟ್ಟೀರಿ?"